ಎರಡು ಸಲ ತಟ್ಟಿದರೆ

ಜನವರಿ ೭, ಭಾನುವಾರ

ಮುದುಕಿ ಕೊನೆಗೂ ಹೊರಡಲು ಒಪ್ಪಿದಳು. ಇದನ್ನು ಎಲ್ಲಾದರೂ ಬರೆದಿಡದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ, ಅದಕ್ಕೇ ಈ ಡೈರಿ. ಬಾಯಿಬಿಟ್ಟು ಯಾರಿಗೆ ಹೇಳಲಿ? ಕನ್ನಡಕದ ಅಂಗಡಿಯಲ್ಲಿ ಜೊತೆಯವರಿಗೆ ಹೇಳಿದರೆ "ಪಾಪ, ವಯಸ್ಸಾದೋರು" ಅಂತ ನನಗೇ ಬುದ್ಧಿ ಹೇಳುತ್ತಾರೆ. ಪಾಪವಂತೆ! ಒಂದು ವಾರ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲಿ, ಪಾಪ ಯಾರು ಅಂತ ಆಮೇಲೆ ಮಾತಾಡೋಣ.

ನಮ್ಮವರು ತೀರಿಕೊಂಡು ಒಂದೂವರೆ ವರ್ಷವಾಯಿತು. ಮಕ್ಕಳಿಲ್ಲ. ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅವರ ತಾಯಿ. ಅವರಿದ್ದಾಗ ಮಧ್ಯೆ ಒಂದು ಗೋಡೆ ಇತ್ತು, ಇಬ್ಬರೂ ಆ ಗೋಡೆಗೇ ಮಾತಾಡುತ್ತಿದ್ದೆವು. ಈಗ ಮುಖಕ್ಕೆ ಮುಖ. ನಾನು ಲೋಟ ಎಲ್ಲಿಟ್ಟರೂ ಅದು ತಪ್ಪು ಜಾಗ. ಬಟ್ಟೆ ಹಿಂಡಿದರೆ ಹರಿದುಹಾಕುತ್ತೇನೆ, ಮೆಲ್ಲಗೆ ಹಿಂಡಿದರೆ ಕೈಯಲ್ಲಿ ಕಸುವಿಲ್ಲ. ಕಿವಿ ಮಂದ ಅನ್ನುವುದು ಹೆಸರಿಗೆ ಮಾತ್ರ. ಕೂಗಿ ಕರೆದರೆ ಕೇಳುವುದಿಲ್ಲ, ಅಡುಗೆಮನೆಯಲ್ಲಿ ನಾನು ಗೊಣಗಿದ್ದು ಮಾತ್ರ ಒಂದಕ್ಷರ ಬಿಡದೆ ಕೇಳಿಸುತ್ತದೆ.

ಇವತ್ತು ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಮಾರ್ಚ್ ಕೊನೆಗೆ ನಮ್ಮ ಮೇಲಿನ ರೂಮ್ ಖಾಲಿ ಆಗತ್ತೆ. ಅಮ್ಮನ್ನ ಇಲ್ಲಿಗೇ ತಂದು ಬಿಟ್ಬಿಡಿ. ನಿಮಗೂ ಸಾಕಾಗಿದೆ, ನಂಗೊತ್ತು." ಬಂಗಾರದಂಥ ಮಾತು. ಫೋನನ್ನು ಮುದುಕಿಯ ಕೈಗೆ ಕೊಟ್ಟೆ. ಹೂಂ, ಹೂಂ ಅಂದಳು, ಇಟ್ಟಳು, ಆಮೇಲೆ ನನ್ನ ಕಡೆ ತಿರುಗಿದಳು.

"ಹೋಗ್ತೀನಿ. ಆದ್ರೆ ನನ್ನ ಮಗನ ಕಾರಲ್ಲೇ ಹೋಗೋದು. ಬೇರೆ ಯಾವ ಗಾಡೀನೂ ಹತ್ತಲ್ಲ. ಇನ್ನೊಂದು, ಗ್ಯಾರೇಜಿನೋರು ಅದನ್ನ ಮುಟ್ಟಕೂಡದು. ಅವನಿರೋವರೆಗೂ ಮುಟ್ಟಿಸಿಲ್ಲ, ಈಗ್ಲೂ ಮುಟ್ಟಿಸಲ್ಲ."

ಎಂಥ ಕಿಲಾಡಿ! ಆ ಕಾರು ನಮ್ಮವರು ಹೋದಾಗಿನಿಂದ ಶೆಡ್ಡಿನಲ್ಲಿ ಹೆಣದ ಹಾಗೆ ಬಿದ್ದಿದೆ. ಅದು ಏಳುವುದಿಲ್ಲ, ಹಾಗಾಗಿ ತಾನೂ ಏಳಬೇಕಾಗಿಲ್ಲ ಅನ್ನುವ ಲೆಕ್ಕಾಚಾರ.

"ಆಗ್ಲಿ ಅತ್ತೆ," ಅಂದೆ. "ನಾನೇ ರಿಪೇರಿ ಮಾಡ್ತೀನಿ."

ನಕ್ಕಳು. ಹಲ್ಲಿನ ಸೆಟ್ಟು ಅಲ್ಲಾಡುವ ಹಾಗೆ ನಕ್ಕಳು. ಆ ನಗುವಿಗೋಸ್ಕರವಾದರೂ ಮಾಡಿಯೇ ತೀರುತ್ತೇನೆ.

ಜನವರಿ ೮, ಸೋಮವಾರ

ಅಂಗಡಿಯಿಂದ ಬಂದವಳೇ ಶೆಡ್ಡಿನ ಬೀಗ ತೆಗೆದೆ. ಮದುವೆಯಾದಾಗಿನಿಂದ ಈ ತಗಡಿನ ಶೆಡ್ಡಿಗೆ ನಾನು ಸರಿಯಾಗಿ ಕಾಲಿಟ್ಟದ್ದೇ ಇಲ್ಲ. ಭಾನುವಾರ ಬಂತೆಂದರೆ ತಾಯಿ ಮಗ ಇಬ್ಬರೂ ಇಲ್ಲಿ ಸೇರಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಟಣ್, ಟಣ್ ಟಣ್ ಅನ್ನುವ ಸದ್ದು ಕೇಳುತ್ತಿದ್ದೆ. ನಾನು ಚಹಾ ತಂದರೆ ಮುದುಕಿ ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದಳು, ಒಳಗೆ ಎಣ್ಣೆ ಇದೆ, ಬಟ್ಟೆಗೆ ಆಗುತ್ತೆ ಅಂತ.

ನಾಲ್ಕು ಟೈರೂ ನೆಲಕ್ಕೆ ಅಂಟಿವೆ. ಇಲಿಗಳು ಹಿಂದಿನ ಸೀಟಿನ ಹತ್ತಿ ಕಿತ್ತು ಏರ್ ಫಿಲ್ಟರಿನೊಳಗೆ ಮನೆ ಮಾಡಿವೆ. ಬ್ಯಾಟರಿಯ ತಲೆಯ ಮೇಲೆ ಹಸಿರು ಬಿಳಿ ಪುಡಿ ಹೂವಿನ ಹಾಗೆ ಅರಳಿದೆ. ಕಾರಿನ ಬಾಗಿಲಿನ ಚೀಲದಲ್ಲಿ ನಮ್ಮವರ ಹಳೆಯ ಕನ್ನಡಕ ಸಿಕ್ಕಿತು. ಒಂದು ಕಡೆ ಸ್ಕ್ರೂ ಇಲ್ಲ, ಅದರ ಬದಲು ತಂತಿ ಸುತ್ತಿದ್ದಾರೆ. ಹೆಂಡತಿ ಕನ್ನಡಕದಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸ್ಕ್ರೂ ಹಾಕುತ್ತಾಳೆ, ಈ ಮಹಾರಾಯರು ತಂತಿ ಸುತ್ತಿಕೊಂಡಿದ್ದರು! ಬಾಯಿಬಿಟ್ಟು ಕೇಳಿದ್ದರೆ ಒಂದು ನಿಮಿಷದ ಕೆಲಸ. ಸತ್ತವರ ಮೇಲೂ ಸಿಟ್ಟು ಬಂತು.

ಜನವರಿ ೧೪, ಭಾನುವಾರ

ಬ್ಯಾಟರಿ ಹೊಸದು ತಂದೆ. ಕನೆಕ್ಷನ್ ತುದಿಗಳಿಗೆ ಬಿಸಿನೀರು ಹುಯ್ದು ಪುಡಿ ತೊಳೆದೆ. ಹಳೆಯ ಪೆಟ್ರೋಲು ಬಸಿದೆ, ಮೂಗಿಗೆ ವಾರ್ನಿಷ್ ವಾಸನೆ. ಇಷ್ಟರಲ್ಲಿ ಮುದುಕಿ ಒಂದು ಸ್ಟೂಲು ಎಳೆದುಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ಪ್ರತಿಷ್ಠಾಪನೆಯಾದಳು.

"ಇಂಜಿನ್ ಆಯಿಲ್ ತೆಗೀಬೇಕು ಮೊದ್ಲು."

"ಗೊತ್ತು."

"ಕೆಳಗಿಂದ ತೆಗೀಬೇಕು."

"ಗೊತ್ತು ಅಂದ್ನಲ್ಲ ಅತ್ತೆ."

ಗೊತ್ತಿದ್ದದ್ದು ಫೋನಿನಲ್ಲಿ ನೋಡಿದ ವಿಡಿಯೋ ಅಷ್ಟೇ. ಜಾಕ್ ಏರಿಸಿ, ಮರದ ದಿಮ್ಮಿ ಕೊಟ್ಟು, ಕೆಳಗೆ ತೂರಿಕೊಂಡೆ. ಆಯಿಲ್ ಬಸಿಯುವ ಬೋಲ್ಟಿಗೆ ಅಂಗಾತ ಮಲಗಿ ತಲೆಯ ಮೇಲಿಂದ ಕೈ ಹಾಕಬೇಕು, ಹಾಗಾಗಿ ಎಡಬಲ ಉಲ್ಟಾ ಆಗಿ, ಬಿಚ್ಚುತ್ತಿದ್ದೇನೆ ಅಂದುಕೊಂಡು ನಾನು ಅರ್ಧ ಗಂಟೆ ಅದನ್ನು ಬಿಗಿ ಮಾಡುತ್ತಿದ್ದೆ. ಬಾಗಿಲಲ್ಲಿ ಕೂತವಳಿಗೆ ಇದು ಗೊತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ನಾನೇ ತಿಳಿದು ಇನ್ನೊಂದು ಕಡೆ ತಿರುಗಿಸಿದೆ. ಬೋಲ್ಟು ಕೆಳಗಿಟ್ಟಿದ್ದ ಡಬ್ಬಿಯೊಳಗೆ ಬಿತ್ತು, ಆಯಿಲ್ ನನ್ನ ತಲೆಯ ಮೇಲೆ ಬಿತ್ತು.

"ಕನ್ನಡಕದ ಸ್ಕ್ರೂ ಅನ್ಕೊಂಡ್ಯೇನೇ?" ಅಂದಳು.

ಕಪ್ಪು ಆಯಿಲ್ ಕಿವಿಯೊಳಗೆ ಇಳಿಯುತ್ತಿದ್ದಾಗ ಆ ಮಾತು ಕೇಳಿಸಿಕೊಂಡೆ. ಜನ್ಮ ಇರುವವರೆಗೂ ಮರೆಯುವುದಿಲ್ಲ.

ಜನವರಿ ೧೫, ಸೋಮವಾರ

ಮೂರು ಸಲ ತಲೆ ತೊಳೆದೆ. ಇನ್ನೂ ವಾಸನೆ. ಅಂಗಡಿಗೆ ಬಂದ ಒಬ್ಬ ಗಿರಾಕಿ ಎದುರಿನ ಕುರ್ಚಿ ಬಿಟ್ಟು ಆಚೆ ಕುರ್ಚಿಯಲ್ಲಿ ಕೂತ.

ಜನವರಿ ೨೮, ಭಾನುವಾರ

ಸ್ಟಾರ್ಟ್ ಆಯಿತು!

ಪ್ಲಗ್ಗುಗಳನ್ನು ತೆಗೆದು ಉಜ್ಜಿದ್ದೆ, ಇಲಿ ಕಡಿದ ಪೈಪು ಬದಲಾಯಿಸಿದ್ದೆ. ಮೂರು ಸಲ ಕೆಮ್ಮಿತು, ನಾಲ್ಕನೆಯ ಸಲ ಹಿಡಿದುಕೊಂಡಿತು. ತಗಡಿನ ಶೆಡ್ಡು ಪೂರ್ತಿ ಗಡಗಡ. ಅದೇ ಸದ್ದು. ಸಂಜೆ ಬೀದಿಯ ತಿರುವಿನಲ್ಲಿ ಈ ಸದ್ದು ಕೇಳಿದ ಕೂಡಲೇ ನಾನು ಒಲೆ ಹಚ್ಚುತ್ತಿದ್ದೆ.

ಮುದುಕಿ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿಬಂದಳು. ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟಳು. ನನಗೆ ಏನು ಮಾಡಬೇಕೋ ತೋಚಲಿಲ್ಲ. ಇಳಿದು ಹೋಗಿ ಏನಾದರೂ ಹೇಳಬೇಕಿತ್ತೇನೋ. ಪೆಟ್ರೋಲ್ ದಂಡ ಅಂತ ಕೀ ತಿರುಗಿಸಿ ಆಫ್ ಮಾಡಿದೆ.

"ಇನ್ನೂ ಸ್ವಲ್ಪ ಬಿಡಬೇಕಿತ್ತು," ಅಂದಳು.

"ಹೊಗೆ ಕುಡಿದು ಸಾಯ್ಬೇಕಾ ಇಬ್ರೂ?" ಅಂದೆ.

ಏನೇ ಇರಲಿ, ಗೆದ್ದದ್ದು ನಾನು. ಅಲ್ಲಾಡಿದ ಹಲ್ಲಿನ ಸೆಟ್ಟು ಇವತ್ತು ಅಲ್ಲಾಡಲಿಲ್ಲ.

ಫೆಬ್ರವರಿ ೪, ಭಾನುವಾರ

ಬ್ರೇಕೇ ಇಲ್ಲ. ಪೆಡಲ್ ಒತ್ತಿದರೆ ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಸೀದಾ ಕೆಳಗೆ ಹೋಗುತ್ತದೆ. ನಾದಿನಿಯ ಊರಿಗೆ ಗುಡ್ಡ ಇಳಿದು ಹೋಗಬೇಕು, ಒಂದೊಂದು ತಿರುವಿನಲ್ಲೂ ಪ್ರಪಾತ. ಬ್ರೇಕಿಲ್ಲದೆ ಅಲ್ಲಿಗೆ ಹೋದರೆ ಅತ್ತೆ ಸೊಸೆ ಇಬ್ಬರನ್ನೂ ಒಟ್ಟಿಗೇ ಹುಡುಕಬೇಕಾಗುತ್ತದೆ. ಸತ್ತ ಮೇಲೂ ಜೊತೆಯಲ್ಲಿರುವುದು ನನಗಂತೂ ಬೇಡ.

ಬಿಡಿಭಾಗದ ಅಂಗಡಿಯವನನ್ನು ಕೇಳಿದೆ. ಯಾವಾಗಲೂ ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಂಡಿರುತ್ತಾನೆ, ನಾನು ಕಡ್ಡಿಬಾಯಿ ಅಂತ ಹೆಸರಿಟ್ಟಿದ್ದೇನೆ. "ಚಕ್ರದ ಒಳಗಿನ ರಬ್ಬರ್ ಹೋಗಿದೆ ಮೇಡಂ. ಹೊಸದು ಹಾಕಿ, ಆಮೇಲೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೀಬೇಕು. ಅದು ಒಬ್ಬರ ಕೈಲಿ ಆಗಲ್ಲ. ಒಬ್ರು ಪೆಡಲ್ ಒತ್ತಿ ಹಿಡೀಬೇಕು. ಇನ್ನೊಬ್ರು ಚಕ್ರದ ಹಿಂದಿರೋ ನಿಪ್ಪಲ್, ಅದೇ ಆ ಸಣ್ಣ ತಿರುಪು, ಸಡಿಲ ಮಾಡಿದ್ರೆ ಬ್ರೇಕ್ ಎಣ್ಣೆ ಜೊತೆ ಗಾಳಿ ಗುಳ್ಳೆ ಬರತ್ತೆ. ನಿಪ್ಪಲ್ ಬಿಗಿ ಮಾಡಿದ ಮೇಲೇನೇ ಕಾಲೆತ್ತಬೇಕು. ತೆರೆದಿರುವಾಗ ಎತ್ತಿದ್ರೋ, ಹೊರಗಿನ ಗಾಳಿ ಎಲ್ಲಾ ಒಳಗೆ. ಮತ್ತೆ ಮೊದಲಿಂದ." ಕಡ್ಡಿ ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಹೋಯಿತು. "ಮನೇಲಿ ಇನ್ನೊಬ್ರು ಇದಾರಲ್ವಾ?"

ಇದ್ದಾರೆ. ನನ್ನ ಗ್ರಹಚಾರ.

ಮುದುಕಿಗೆ ಹೇಳಿದರೆ, ನಾನು ಹೇಳಿ ಮುಗಿಸುವ ಮೊದಲೇ ತಲೆಯಾಡಿಸಿದಳು. "ಒಂದು ಸಲ ತಟ್ಟಿದ್ರೆ ಒತ್ತಿ ಹಿಡೀಬೇಕು. ಎರಡು ಸಲ ತಟ್ಟಿದ್ರೆ ಬಿಡಬೇಕು. ನನ್ನ ಕಿವಿಗೆ ಅವನ ಮಾತು ಕೇಳ್ತಿರಲಿಲ್ಲ. ತಗಡಿನ ಮೇಲೆ ತಟ್ಟಿದ್ರೆ ಕಾಲಿಗೇ ಗೊತ್ತಾಗತ್ತೆ. ನಾನು ಅವನು ಹಂಗೇ ಮಾಡ್ತಿದ್ದಿದ್ದು."

ಹಾಗಾದರೆ ಇಷ್ಟು ವರ್ಷ ಅಡುಗೆಮನೆಗೆ ಕೇಳುತ್ತಿದ್ದ ಟಣ್, ಟಣ್ ಟಣ್! ನಾನು ಅದನ್ನು ಸುತ್ತಿಗೆಯ ಕೆಲಸ ಅಂದುಕೊಂಡಿದ್ದೆ. ಅವರಿಬ್ಬರೂ ಮಾತಾಡುತ್ತಿದ್ದರು. ನನ್ನ ಜೊತೆ ಊಟಕ್ಕೆ ಕೂತರೆ ಎರಡು ಮಾತು ಆಡದ ಮನುಷ್ಯ ತಾಯಿಯ ಜೊತೆ ತಗಡು ತಟ್ಟಿ ಮಾತಾಡುತ್ತಿದ್ದರು. ಹೊಟ್ಟೆ ಉರಿದುಹೋಯಿತು. ಇದನ್ನು ಬರೆಯುವಾಗಲೂ ಉರಿಯುತ್ತಿದೆ.

ಫೆಬ್ರವರಿ ೧೧, ಭಾನುವಾರ

ಇವತ್ತಿನ ದಿನ ಹಾಳಾಗಿಹೋಗಲಿ.

ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ರಬ್ಬರ್‌ಗಳನ್ನು ವಾರದಲ್ಲೇ ಬದಲಾಯಿಸಿದ್ದೆ. ಮುದುಕಿ ಡ್ರೈವರ್ ಸೀಟಿನಲ್ಲಿ ಮಹಾರಾಣಿಯಂತೆ ಕೂತಳು. ನಾನು ಚಕ್ರ ಬಿಚ್ಚಿ ಕೆಳಗೆ ಕೂತೆ. ನಿಪ್ಪಲ್‌ಗೆ ಒಂದು ಪೈಪು ಸಿಕ್ಕಿಸಿ ತುದಿಯನ್ನು ಡಬ್ಬಿಯ ಬಾಯಿಗೆ ಇಳಿಬಿಟ್ಟೆ. ಒಂದು ತಟ್ಟಿದೆ, ಒತ್ತಿದಳು. ಸಡಿಲ ಮಾಡಿದೆ, ಎಣ್ಣೆ ಗುಳುಗುಳು ಬಂತು, ಬಿಗಿ ಮಾಡಿದೆ. ಎರಡು ತಟ್ಟಿದೆ, ಬಿಟ್ಟಳು. ಮೂರು ಚಕ್ರ ಮುಗಿಯಿತು. ತಕರಾರಿಲ್ಲ. ಕಾಲು ಮಾತ್ರ ಗಟ್ಟಿ ಇದೆ ಮುದುಕಿಯದು, ಒತ್ತಿದರೆ ಕದಲುವುದಿಲ್ಲ.

ನಾಲ್ಕನೆಯ ಚಕ್ರ, ಕೊನೆಯ ಸಲ, ನಿಪ್ಪಲ್ ತೆರೆದಿತ್ತು. ಎಣ್ಣೆ ಕೈಯಿಂದ ಸ್ಪ್ಯಾನರ್ ಜಾರಿತು. ಕಬ್ಬಿಣದ ಮೇಲೆ ಬಿತ್ತು, ಪುಟಿಯಿತು, ಮತ್ತೆ ಬಿತ್ತು. ಟಣ್ ಟಣ್. ಮುದುಕಿ ಕಾಲೆತ್ತಿದಳು. ಸೊರ್ ಅಂತ ಗಾಳಿ ಒಳಗೆ ಹೋಯಿತು.

"ಯಾಕತ್ತೆ ಬಿಟ್ರಿ?"

"ನೀನು ಎರಡು ಸಲ ತಟ್ಟಿದೆ, ಬಿಟ್ಟೆ."

"ತಟ್ಟಿದ್ದಲ್ಲ, ಸ್ಪ್ಯಾನರ್ ಬಿದ್ದಿದ್ದು!"

"ಬಿದ್ದಿದ್ದೋ ತಟ್ಟಿದ್ದೋ ನಂಗೆ ಹೆಂಗೆ ಗೊತ್ತಾಗ್ಬೇಕು? ನನ್ನ ಮಗ ಒಂದು ದಿನಾನೂ ಸ್ಪ್ಯಾನರ್ ಬೀಳಿಸಿದೋನಲ್ಲ."

"ನಿಮ್ಮ ಮಗ, ನಿಮ್ಮ ಮಗ, ನಿಮ್ಮ ಮಗ! ನನಗೇನಾಗಿದ್ರು ಅವರು, ದಾರೀಲಿ ಹೋಗೋರಾ?"

"ಅವನ ಕನ್ನಡಕಕ್ಕೆ ಒಂದು ಸ್ಕ್ರೂ ಹಾಕಿಕೊಡೋಕಾಗ್ಲಿಲ್ಲ ನಿನ್ನ ಕೈಲಿ."

ಆಗ ನನಗೆ ಏನಾಯಿತೋ. ಡಬ್ಬಿಯನ್ನು ಒದ್ದೆ. ಎಣ್ಣೆಯೆಲ್ಲ ನೆಲದ ಮೇಲೆ. "ಕೇಳಿದ್ರೆ ತಾನೇ ಹಾಕೋದು! ಈ ಶೆಡ್ಡಿನ ಒಳಗೆ ನನ್ನ ಬಿಟ್ಟಿದ್ರೆ ತಾನೇ ಕಾಣೋದು! ನೀವೊಂದು ಸಲ ಈ ಮನೆಯಿಂದ ತೊಲಗಿದ್ರೆ ಸಾಕು ನಂಗೆ," ಅಂತ ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

ಮುದುಕಿ ಮೆಲ್ಲಗೆ ಸೀಟಿನಿಂದ ಇಳಿದಳು. "ತೊಲಗ್ತೀನಿ. ಅದಕ್ಕೇ ಅಲ್ವೇನೇ ಬೆಳಿಗ್ಗೆಯಿಂದ ಪೆಡಲ್ ಒತ್ತುತ್ತಾ ಕೂತಿರೋದು," ಅಂದು ಒಳಗೆ ಹೋದಳು.

ಫೆಬ್ರವರಿ ೧೩, ಮಂಗಳವಾರ

ಮಾತಿಲ್ಲ. ನೆಮ್ಮದಿಯಾಗಿದೆ. ಲೋಟ ನನಗಿಷ್ಟ ಬಂದ ಜಾಗದಲ್ಲಿ ಇಟ್ಟೆ, ಯಾರೂ ಏನೂ ಅನ್ನಲಿಲ್ಲ. ಎರಡು ಸಲ ತೆಗೆದು ಬೇರೆ ಬೇರೆ ಕಡೆ ಇಟ್ಟು ನೋಡಿದೆ. ಆದರೂ ಅನ್ನಲಿಲ್ಲ.

ಫೆಬ್ರವರಿ ೧೮, ಭಾನುವಾರ

ಬೆಳಿಗ್ಗೆ ಶೆಡ್ಡಿಗೆ ಹೋದರೆ ಅತ್ತೆ ಆಗಲೇ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ನೆಲದ ಮೇಲೆ ನಾನು ಚೆಲ್ಲಿದ್ದ ಎಣ್ಣೆಗೆ ಯಾರೋ ಮರದಪುಡಿ ಹಾಕಿ ಗುಡಿಸಿದ್ದರು. ಯಾರೋ ಏನು ಬಂತು, ಮನೆಯಲ್ಲಿ ಇರುವವರು ಎಷ್ಟು ಜನ.

ಈ ಸಲ ಸ್ಪ್ಯಾನರ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡೆ. ಟಣ್. ಒತ್ತಿದಳು. ಟಣ್ ಟಣ್. ಬಿಟ್ಟಳು. ನಾಲ್ಕೂ ಚಕ್ರ, ಮೊದಲಿನಿಂದ. ಒಂದು ಮಾತಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೈಪಿನಲ್ಲಿ ಒಂದು ಗುಳ್ಳೆಯೂ ಬರಲಿಲ್ಲ, ಪೆಡಲ್ ಕಲ್ಲಾಯಿತು. ಕಡ್ಡಿಬಾಯಿ ಬಂದು ಒತ್ತಿ ನೋಡಿ, "ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ?" ಅಂದ. ಇಬ್ಬರೂ ಉತ್ತರ ಕೊಡಲಿಲ್ಲ. ಪಾಪ, ಕಕ್ಕಾಬಿಕ್ಕಿಯಾಗಿ ಹೊರಟುಹೋದ.

ಊಟಕ್ಕೆ ಕೂತಾಗ ಅತ್ತೆ ಮೇಜಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದಳು. ಉಪ್ಪಿನ ಡಬ್ಬಿ ಸರಿಸಿದೆ. ಹಾಕಿಕೊಂಡು ಎರಡು ಸಲ ತಟ್ಟಿದಳು. ವಾಪಸ್ ತೆಗೆದುಕೊಂಡೆ. ಮಾತಾಡಿದರೆ ಸೋತ ಹಾಗೆ ಅನ್ನುವ ಹಟ ನೋಡು ಈ ವಯಸ್ಸಿನಲ್ಲಿ! ನಾನೂ ಮಾತಾಡಲಿಲ್ಲ.

ಫೆಬ್ರವರಿ ೨೫, ಭಾನುವಾರ

ನಾಲ್ಕೂ ಟೈರಿಗೆ ಗಾಳಿ ತುಂಬಿಸಿದೆ, ಕಾರು ರಸ್ತೆಗಿಳಿಯಿತು. ಲೈಸೆನ್ಸ್ ತೆಗೆದುಕೊಂಡು ಎಷ್ಟೋ ವರ್ಷವಾಗಿದೆ, ಓಡಿಸಿದ್ದು ಮಾತ್ರ ಇವತ್ತೇ. ನಮ್ಮವರು ಒಂದು ದಿನವೂ ಕೀ ಕೊಟ್ಟವರಲ್ಲ.

ಅತ್ತೆ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಇದ್ದರು. "ಎಡಕ್ಕೆ! ಎಡಕ್ಕೆ ಅಂದ್ರೆ ಅಷ್ಟು ಎಡಕ್ಕಲ್ಲ! ಆ ಲಾರಿ ನಿಂಗೆ ಕಾಣ್ಸಲ್ವಾ? ಕನ್ನಡಕದಂಗಡಿಯೋಳಿಗೇ ಕಣ್ಣಿಲ್ಲ!" ಮಾತು ಶುರುವಾಯಿತು ಅಂತ ಅಲ್ಲಿಗೆ ಗೊತ್ತಾಯಿತು. ನಾನೂ ಬಿಡಲಿಲ್ಲ, ಒಂದಕ್ಕೆ ಎರಡು ಕೊಟ್ಟೆ. ಊರು ಸುತ್ತಿ ಬರುವವರೆಗೂ ಕಿತ್ತಾಡಿದೆವು. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವನು ಹೆದರಿ ಮುಂದೆ ಹೋದ. ಗಂಟಲು ಕಟ್ಟಿದೆ.

ಅಂದಹಾಗೆ ಆ ಹಳೆಯ ಕನ್ನಡಕಕ್ಕೆ ಸ್ಕ್ರೂ ಹಾಕಿ ಮತ್ತೆ ಬಾಗಿಲಿನ ಚೀಲದಲ್ಲೇ ಇಟ್ಟೆ. ಅತ್ತೆ ಅದನ್ನು ತೆಗೆದು, ಕಡ್ಡಿ ಮಡಿಸಿ, ಬಿಚ್ಚಿ ನೋಡಿದರು. ವಾಪಸ್ ಅಲ್ಲೇ ಇಟ್ಟರು. ಚೆನ್ನಾಗಿದೆ ಅಂದರೆ ಬಾಯಿ ಸವೆಯುತ್ತದೆಯೇ?

ಮಾರ್ಚ್ ೩, ಭಾನುವಾರ

ಸ್ಟಾರ್ಟ್ ಆಗಲಿಲ್ಲ. ಹುಡುಕಿದರೆ ಬ್ಯಾಟರಿಯ ಕನೆಕ್ಷನ್ ಸಡಿಲ. ನಾನೇ ಸರಿಯಾಗಿ ಬಿಗಿ ಮಾಡಿರಲಿಲ್ಲವೇನೋ. ಬಿಗಿ ಮಾಡಿದೆ.

ಮಾರ್ಚ್ ೯, ಶನಿವಾರ

ಸ್ಟಾರ್ಟ್ ಆಯಿತು, ಆದರೆ ಕುಂಟುತ್ತಾ ಪಟಪಟ ಸಿಡಿಯಿತು. ಪ್ಲಗ್ಗಿಗೆ ಹೋಗುವ ನಾಲ್ಕು ವೈರುಗಳಲ್ಲಿ ಎರಡು ಅದಲು ಬದಲು. ಕಡ್ಡಿಬಾಯಿಗೆ ಹೇಳಿ, ಇಲಿ ಕಾಟ ಇರಬೇಕು ಅಂದೆ. ಅವನು ಬಾಯಿಂದ ಕಡ್ಡಿಯನ್ನೇ ತೆಗೆದು ನನ್ನ ಮುಖ ನೋಡಿದ. "ಇಲಿ ವೈರ್ ಕಡಿಯತ್ತೆ ಮೇಡಂ. ಬಿಚ್ಚಿ ಬೇರೆ ಕಡೆ ಸಿಕ್ಕಿಸಲ್ಲ."

ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ. ಮನೆಗೆ ಬಂದು ಚಹಾ ಕೊಡುವಾಗ ಮುದುಕಿಯ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು.

ಮೋಸಗಾತಿ! ನಾನು ಹಗಲೆಲ್ಲ ಅಂಗಡಿಯಲ್ಲಿ ದುಡಿದು, ಬಂದು ಗ್ರೀಸಿನಲ್ಲಿ ಹೊರಳಾಡಿ, ಉಗುರು ಕಿತ್ತುಕೊಂಡು ರಿಪೇರಿ ಮಾಡುವುದು, ಇವಳು ನಾನಿಲ್ಲದ ಹೊತ್ತಿನಲ್ಲಿ ಬಾನೆಟ್ ಎತ್ತಿ ಕೆಡಿಸುವುದು! ಹೋಗುತ್ತೇನೆ ಅಂದದ್ದೆಲ್ಲ ನಾಟಕ. ಮುಖದ ಮೇಲೆ ಹೊಡೆದ ಹಾಗೆ ಕೇಳಿಬಿಡಬೇಕು ಅಂತ ಎದುರಿಗೇ ನಿಂತೆ.

"ಏನೇ?" ಅಂದಳು.

"ಸಕ್ಕರೆ ಸರಿ ಇದೆಯಾ?" ಅಂದೆ.

ಯಾಕೆ ಹಾಗೆ ಕೇಳಿದೆನೋ. ಪುರಾವೆ ಇನ್ನೂ ಸರಿಯಾಗಿ ಸಿಗಲಿ ಅಂತ ಇರಬೇಕು. ಕೈಗೆ ಸಿಕ್ಕಿಬೀಳಲಿ, ಆಮೇಲೆ ಇದೆ ಹಬ್ಬ.

ಮಾರ್ಚ್ ೧೩, ಬುಧವಾರ

ಇವತ್ತು ಫ್ಯೂಸು. ಒಳ್ಳೆಯದನ್ನು ತೆಗೆದು ಅದರ ಜಾಗದಲ್ಲಿ ಸುಟ್ಟದ್ದನ್ನು ಇಟ್ಟಿದ್ದಳು. ಎಲ್ಲಿಂದ ತಂದಳೋ ಸುಟ್ಟ ಫ್ಯೂಸು! ಹುಡುಕಲು ಒಂದು ಗಂಟೆ ಬೇಕಾಯಿತು. ತಲೆ ಇದೆ, ಒಪ್ಪಬೇಕು.

ಮಾರ್ಚ್ ೧೭, ಭಾನುವಾರ

ಈ ವಾರ ಪೆಟ್ರೋಲ್ ಪೈಪಿನ ಕ್ಲಿಪ್ಪು, ಆಮೇಲೆ ಹಾರ್ನಿನ ವೈರು. ಅಂಗಡಿಯಲ್ಲಿ ಲೆನ್ಸ್ ಉಜ್ಜುತ್ತಾ ಇವತ್ತು ಏನು ಬಿಚ್ಚಿರಬಹುದು ಅಂತ ಅದೇ ಯೋಚನೆ. ಬಸ್ಸಿಳಿದು ಸೀದಾ ಶೆಡ್ಡಿಗೆ ಓಡುತ್ತೇನೆ, ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲ. ಅತ್ತೆ ಸ್ಟೂಲಿನ ಮೇಲೆ ಕೂತು ಏನೂ ಗೊತ್ತಿಲ್ಲದವರ ಹಾಗೆ ನೋಡುತ್ತಿರುತ್ತಾರೆ. "ಹಳೇ ಕಾರು ಕಣೇ. ಒಂದಲ್ಲ ಒಂದು ಇದ್ದಿದ್ದೇ," ಅನ್ನುತ್ತಾರೆ. "ಹೌದತ್ತೆ, ದರಿದ್ರ ಕಾರು," ಅನ್ನುತ್ತೇನೆ. ಕೆಡಿಸಿದ ಜಾಗ ಸಿಕ್ಕಿದ ಕೂಡಲೇ ಅವರ ಮುಖ ನೋಡುತ್ತೇನೆ. ಪರೀಕ್ಷೆ ಕೊಟ್ಟ ಮೇಷ್ಟರ ಮುಖ.

ಒಂದು ಕಡೆಗೆ ಮಾತ್ರ ಕೈ ಹಾಕಿಲ್ಲ ಅತ್ತೆ. ಬ್ರೇಕು. ಅದನ್ನು ಮಾತ್ರ ದಿನಾ ಒತ್ತಿ ನೋಡುತ್ತೇನೆ, ಕಲ್ಲಿನ ಹಾಗೇ ಇದೆ.

ಮಾರ್ಚ್ ೨೪, ಭಾನುವಾರ

ಇವತ್ತು ಏನೂ ಕೆಟ್ಟಿರಲಿಲ್ಲ. ನಿನ್ನೆಯೂ ಇಲ್ಲ, ಮೊನ್ನೆಯೂ ಇಲ್ಲ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಬಾನೆಟ್ ಎತ್ತಿ ಪ್ರತಿಯೊಂದು ವೈರು, ಪ್ರತಿಯೊಂದು ಕ್ಲಿಪ್ಪು ಮುಟ್ಟಿ ನೋಡಿದೆ. ಎಲ್ಲ ಇದ್ದಲ್ಲೇ ಇವೆ.

ಎಂಥ ಸಿಟ್ಟು ಬಂತೆಂದರೆ ಬಾನೆಟ್ಟನ್ನು ಧಡಾರ್ ಅಂತ ಬಡಿದೆ. ಅತ್ತೆ ಸ್ಟೂಲಿನ ಮೇಲೆ ಇರಲಿಲ್ಲ. ಒಳಗೆ ಹೋದರೆ ಮಂಚದ ಮೇಲೆ ಬಟ್ಟೆ ಮಡಿಸುತ್ತಾ ಕೂತಿದ್ದರು.

"ಮಗಳು ಫೋನ್ ಮಾಡಿದ್ಲು. ರೂಮಿಗೆ ಬಣ್ಣ ಹೊಡೆಸಿದಾಳಂತೆ," ಅಂದರು.

"ಯಾವ ಬಣ್ಣ?"

"ಹಳದಿ."

ಅವರಿಗೆ ಹಳದಿ ಕಂಡರಾಗದು. ಹೆತ್ತ ಮಗಳಿಗೆ ಅಷ್ಟೂ ಗೊತ್ತಿಲ್ಲ. ನಾನು ಏನು ಮಾಡಲಿ, ಅದು ಅವರವರ ಮನೆ ವಿಷಯ.

ಮಾರ್ಚ್ ೩೦, ಶನಿವಾರ

ನಾಳೆ ಬೆಳಿಗ್ಗೆ ಹೊರಡುವುದು. ಕೊನೆಗೂ! ಎರಡು ಬ್ಯಾಗು, ಒಂದು ದಿಂಬು, ಅಷ್ಟೇ ಅವರ ಸಾಮಾನು. ಸ್ಟೂಲು ಬೇಡವಂತೆ. "ನೀನು ಕೂತ್ಕೊಂಡು ಕೆಲಸ ಮಾಡು. ನೆಲದ ಮೇಲೆ ಕೂತ್ರೆ ಸೊಂಟ ಹಿಡ್ಕೊಳತ್ತೆ. ವಾರಕ್ಕೊಂದು ಸಲ ಸ್ಟಾರ್ಟ್ ಮಾಡು, ಮೂಲೆಗೆ ಹಾಕಬೇಡ. ಗಾಳಿ ತೆಗೆಯೋಕೆ..." ಅಂದು ನಿಲ್ಲಿಸಿದರು. "ಗಾಳಿ ತೆಗೆಯೋಕೆ ಆ ಕಡ್ಡಿಬಾಯೀನ ಕರ್ಕೋ."

"ಅವನಿಗೆ ತಟ್ಟೋದೆಲ್ಲ ಗೊತ್ತಿಲ್ಲ," ಅಂದೆ.

"ಅವನಿಗೆ ಕಿವಿ ಕೇಳತ್ತಲ್ಲೇ. ಬಾಯಲ್ಲಿ ಹೇಳು."

ತಾವೇ ಎಲ್ಲ ಗೊತ್ತು ಮಾಡಿಬಿಟ್ಟಿದ್ದಾರೆ. ನನ್ನನ್ನು ಒಂದು ಮಾತು ಕೇಳಬೇಕು ಅನ್ನುವುದಿಲ್ಲ. ಯಾವತ್ತೂ ಇದೇ ಬುದ್ಧಿ.

ಮಾರ್ಚ್ ೩೧, ಭಾನುವಾರ

ಹೊರಡಲಿಲ್ಲ.

ಬ್ಯಾಗು ಡಿಕ್ಕಿಯಲ್ಲಿಟ್ಟಾಗಿತ್ತು. ಅತ್ತೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ದಿಂಬು ಅಪ್ಪಿಕೊಂಡು ಕೂತಿದ್ದರು. ಕೀ ತಿರುಗಿಸಿದೆ. ಹಾಳಾದ್ದು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬ್ರೇಕ್ ಒತ್ತಿದೆ. ಸ್ವಲ್ಪ ಮೆತ್ತಗೆ ಅನ್ನಿಸಿತು.

"ಅತ್ತೆ, ಬ್ರೇಕ್ ಮೆತ್ತಗಿದೆ."

"ನೆನ್ನೆ ತಾನೇ ಒತ್ತಿ ನೋಡಿದ್ದೀನಿ."

"ಇವತ್ತು ಮೆತ್ತಗಿದೆ. ಬೇಕಾದ್ರೆ ನೀವೇ ನೋಡಿ."

ಇಳಿದು ಈ ಕಡೆ ಬಂದು ಕೂತು ಒತ್ತಿದರು. "ಕಲ್ಲಿದ್ದಂಗಿದೆಯಲ್ಲೇ."

"ನಿಮಗೇನು ಗೊತ್ತು? ಗುಡ್ಡ ಇಳಿಸೋಳು ನಾನೋ ನೀವೋ? ಇನ್ನೊಂದು ಸಲ ಗಾಳಿ ತೆಗೀಲೇಬೇಕು."

"ಈಗ್ಲೇನಾ? ಒಳ್ಳೆ ಬಟ್ಟೆ ಹಾಕ್ಕೊಂಡಿದೀನಿ."

"ನೀವು ಸೀಟಲ್ಲಿ ಕೂರೋದು ತಾನೇ? ಎಣ್ಣೆ ಮೆತ್ತಿಕೊಳ್ಳೋಳು ನಾನು."

ಚಕ್ರ ಬಿಚ್ಚಿದೆ. ಪೈಪು ಸಿಕ್ಕಿಸಿದೆ. ಒಂದು ಸಲ ತಟ್ಟಿದೆ. ಒತ್ತಿದರು. ನಿಪ್ಪಲ್ ಸಡಿಲ ಮಾಡಿದೆ. ಎಣ್ಣೆ ಬಂತು, ಜೇನಿನ ಹಾಗೆ, ಒಂದು ಗುಳ್ಳೆ ಇಲ್ಲ. ಬ್ರೇಕು ಸರಿಯಾಗಿಯೇ ಇತ್ತು. ಇನ್ನು ಬಿಗಿ ಮಾಡಿ, ಚಕ್ರ ಹಾಕಿ, ಹೊರಡುವುದಷ್ಟೇ. ಅತ್ತೆ ಒತ್ತಿಯೇ ಹಿಡಿದಿದ್ದರು. ಅವರ ಕಾಲು ನಡುಗುವುದು ಪೈಪಿನ ತುದಿಯ ಹನಿಯಲ್ಲಿ ಕಾಣುತ್ತಿತ್ತು.

ನಿಪ್ಪಲ್ ಬಿಗಿ ಮಾಡಲಿಲ್ಲ. ಎರಡು ಸಲ ತಟ್ಟಿದೆ. ಯಾಕೆ ತಟ್ಟಿದೆನೋ ಗೊತ್ತಿಲ್ಲ, ಕೈ ತಟ್ಟಿತು.

ತಟ್ಟಿದ ಕೂಡಲೇ ಬಿಡುವವರು ಈ ಸಲ ಬಿಡಲಿಲ್ಲ. ಇಷ್ಟು ವರ್ಷ ಒತ್ತಿದ ಕಾಲು, ನಿಪ್ಪಲ್ ತೆರೆದಿದೆಯೋ ಮುಚ್ಚಿದೆಯೋ ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ನಾನು ಬಿಚ್ಚಿದ ಚಕ್ರದ ಪಕ್ಕ ಸ್ಪ್ಯಾನರ್ ಹಿಡಿದು ಕೂತೆ. ಆಮೇಲೆ ಪೆಡಲ್ ಮೆಲ್ಲಗೆ ಮೇಲೆ ಬಂತು. ಸೊರ್ ಅಂತ ಗಾಳಿ ಒಳಗೆ ಹೋಯಿತು.

"ಸ್ಪ್ಯಾನರ್ ಬಿತ್ತೇನೇ?" ಒಳಗಿಂದ ಕೇಳಿದರು.

"ಹೂಂ ಅತ್ತೆ, ಬಿತ್ತು," ಅಂದೆ. ಸ್ಪ್ಯಾನರ್ ದಾರದ ಸಮೇತ ನನ್ನ ಕೈಯಲ್ಲೇ ಇತ್ತು.

"ಎಣ್ಣೆ ಕೈ. ಬೀಳತ್ತೆ, ಬಿಡು," ಅಂದರು.

ನಾದಿನಿಗೆ ಫೋನ್ ಮಾಡಿದೆ. ಬ್ರೇಕಿನಲ್ಲಿ ಗಾಳಿ ಸೇರಿಕೊಂಡಿದೆ, ಗುಡ್ಡದ ರಸ್ತೆಗೆ ಇಳಿಸುವ ಹಾಗಿಲ್ಲ ಅಂದೆ. ಅವಳಿಗೆ ರೇಗಿತು. "ಬಣ್ಣ ಎಲ್ಲಾ ಹೊಡೆಸಿ ಕೂತಿದೀನಿ ಅತ್ತಿಗೆ. ಎಷ್ಟು ದಿನ ಬೇಕು ಸರಿ ಮಾಡೋಕೆ?"

"ಹಳೇ ಕಾರು ಕಣೇ. ಹೇಳೋಕಾಗಲ್ಲ," ಅಂದೆ.

ಫೋನಿಟ್ಟು ತಿರುಗಿದರೆ ಅತ್ತೆ ದಿಂಬು ಮಂಚದ ಮೇಲೆ ಹಾಕಿ, ಅಡುಗೆಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಲೋಟ ಇಡುವ ಜಾಗವೇನೇ ಇದು, ಮದುವೆಯಾಗಿ ಬಂದಾಗಿನಿಂದ ಹೇಳ್ತಿದೀನಿ, ಒಂದು ದಿನವಾದರೂ ಕಿವಿಗೆ ಹಾಕಿಕೊಂಡಿದ್ದೀಯಾ ಅಂತ ಶುರು ಮಾಡಿದರು. ಈ ಹೊತ್ತಿನವರೆಗೂ ನಿಲ್ಲಿಸಿಲ್ಲ, ಇದನ್ನು ಬರೆಯುತ್ತಿರುವಾಗಲೂ ಪಕ್ಕದ ಕೋಣೆಯಿಂದ ಕೇಳುತ್ತಿದೆ. ಈ ಹೆಂಗಸಿನ ಜೊತೆ ಮನುಷ್ಯರು ಬಾಳುವುದುಂಟೇ?